ಪರದೇಶದ ಧಾಟಿ, ಊರಿನ ಹಲಗೆ: ಮಸ್ಕಿ ಸೀಮೆಯ ಸಭಾಗಾಯನದ ವಿಚಾರ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಸಭೆಗಳಲ್ಲಿ ಸೇವಾಭ್ಯಾಸ ಮುಗಿಸಿ ಹಿಂದಿರುಗುವ ವಿದ್ಯಾರ್ಥಿಗಳು ನಮ್ಮೆದುರು ಇಡುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಒಂದೇ ಭಾನುವಾರದ ಆರಾಧನೆಯಲ್ಲಿ ಅಲ್ಲಿ ಜರ್ಮನ್ ಧಾಟಿಯ ಹಳೆಯ ಸಂಗೀತವೊಂದನ್ನು ಹಾಡುತ್ತಾರೆ. ಅದರ ಹಿಂದೆಯೇ ತೆಲುಗಿನಿಂದ ಕನ್ನಡಕ್ಕೆ ತಿರುಗಿದ ಕೀರ್ತನೆಯೊಂದು ಬರುತ್ತದೆ. ಕಾಣಿಕೆಯ ವೇಳೆಗೆ ಯುವಕರು ಮೊಬೈಲಿನಲ್ಲಿ ಕೇಳಿ ಕಲಿತ ಹಾಡಿಗೆ ಕೀಬೋರ್ಡ್ ನುಡಿಸುತ್ತಾರೆ. ಇವುಗಳಲ್ಲಿ ನಮ್ಮದು ಯಾವುದು, ಯಾವುದನ್ನು ಬೆಳೆಸಬೇಕು, ಯಾವುದನ್ನು ಬಿಡಬೇಕು ಎಂಬುದು ಅವರ ಪ್ರಶ್ನೆ. ಸಂದರ್ಭೀಯ ದೈವಶಾಸ್ತ್ರವನ್ನು ಓದಿಕೊಂಡು ಹೋದವರಿಗೆ ಉತ್ತರ ಸುಲಭವೆಂದು ತೋರುತ್ತದೆ: ಪಾಶ್ಚಾತ್ಯ ಧಾಟಿಯನ್ನು ಬಿಟ್ಟು ದೇಶೀಯ ಸಂಗೀತವನ್ನು ತರಬೇಕು. ಹಾಗೆ ತರಹೋದ ಕೆಲವರು ಸಭೆಯ ಹಿರಿಯರಿಂದಲೇ ಬೇಡವೆನಿಸಿಕೊಂಡು ಬಂದಿದ್ದಾರೆ. ಹೀಗಾಗಲು ಕಾರಣವೇನೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು 'ಪಾಶ್ಚಾತ್ಯ ಧಾಟಿ' ಎಂಬ ಮಾತನ್ನೇ ನೋಡೋಣ. ನಮ್ಮ ಸಂಗೀತ ಪುಸ್ತಕಗಳಲ್ಲಿ ಶುಭ ಶುಕ್ರವಾರಕ್ಕೆಂದು ಮೀಸಲಾಗಿರುವ ಧಾಟಿಗಳಲ್ಲಿ ಬಹು ಪ್ರಸಿದ್ಧವಾದುದು ಮುಳ್ಳಿನ ಕಿರೀಟ ಧರಿಸಿದ ಶಿರಸ್ಸನ್ನು ಧ್ಯಾನಿಸುವ ಹಾಡಿನದು. ಪೌಲ್ ಗೆರ್ಹಾರ್ಟ್ ಅದರ ಜರ್ಮನ್ ಪದ್ಯವನ್ನು 1656ರಲ್ಲಿ ಪ್ರಕಟಿಸಿದನು; ಬಾಖ್ ತನ್ನ ಮತ್ತಾಯನ ಸುವಾರ್ತೆಯ ಶ್ರಮೆಯ ಕೃತಿಯಲ್ಲಿ ಆ ಧಾಟಿಯನ್ನು ಹಲವು ಬಾರಿ ಬಳಸಿದನು. ಆದರೆ ಧಾಟಿ ಹುಟ್ಟಿದ್ದು ದೇವಾಲಯದಲ್ಲಲ್ಲ. ಹಾನ್ಸ್ ಲೇಯೋ ಹಾಸ್ಲರ್ 1601ರಲ್ಲಿ ಅದನ್ನು ಪ್ರಣಯದಿಂದ ಕಲಕಿದ ಮನಸ್ಸಿನ ಹಾಡಿಗೆ ಕಟ್ಟಿದ್ದನು. 1613ರಲ್ಲಿ ಅದು ಮರಣಸಮಯದ ಭಕ್ತಿಗೀತೆಯೊಂದಕ್ಕೆ ಅಂಟಿಕೊಂಡಿತು. ಆ ಬಳಿಕವಷ್ಟೇ ಶಿಲುಬೆಯ ಬುಡಕ್ಕೆ ಬಂದು ನಿಂತಿತು. ಮಾರ್ಟಿನ್ ಲೂಥರನು ಸಹ ತನ್ನ ಕ್ರಿಸ್ಮಸ್ ಹಾಡನ್ನು ಮೊದಲು ಜನರು ಹಾಡುತ್ತಿದ್ದ ಒಗಟಿನ ಹಾಡೊಂದರ ಧಾಟಿಗೇ ಹೊಂದಿಸಿದ್ದನು; 1539ರಲ್ಲಿ ಅದಕ್ಕೆ ಬೇರೆ ಧಾಟಿ ದೊರೆಯಿತು. ನಾವು ಇಂದು ಪವಿತ್ರವೆಂದು ಭಾವಿಸುವ ಸ್ವರಗಳು ಒಂದು ಕಾಲದಲ್ಲಿ ಸಂತೆಯಲ್ಲಿಯೂ ಬೀದಿಯಲ್ಲಿಯೂ ಓಡಾಡಿ ಬಂದವುಗಳೇ. ಹುಟ್ಟಿನಿಂದ ಯಾವ ಧಾಟಿಯೂ ಕ್ರೈಸ್ತವಲ್ಲ, ಯಾವುದೂ ಅಕ್ರೈಸ್ತವಲ್ಲ. ಅದು ಎಲ್ಲಿ ಎಷ್ಟು ಕಾಲ ನೆಲೆಸಿತು, ಯಾರ ಬಾಯಲ್ಲಿ ಯಾವ ಹೊತ್ತಿನಲ್ಲಿ ಬಳಕೆಯಾಯಿತು ಎಂಬುದರಿಂದ ಅದರ ಗುರುತು ನಿಶ್ಚಯವಾಗುತ್ತದೆ.

ಈ ಧಾಟಿಗಳು ಕನ್ನಡ ನಾಡಿಗೆ ಬಂದ ದಾರಿ ನಮ್ಮ ವಾಚಕರಿಗೆ ತಿಳಿದದ್ದೇ. 1810ರಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡದಲ್ಲಿ ಸತ್ಯವೇದದ ಅನುವಾದಕ್ಕೆ ತೊಡಗಿದರು. 1834ರಲ್ಲಿ ಬಾಸೆಲ್ ಮಿಷನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. ಐದಾರು ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ಅವರ ಠಾಣೆಗಳಾದವು. ಅವರು ತಮ್ಮೂರಿನ ಧಾಟಿಗಳನ್ನು ತಂದರು, ಪದಗಳನ್ನು ಕನ್ನಡಕ್ಕೆ ತಿರುಗಿಸಿದರು, ಮಕ್ಕಳಿಗೆ ನಾಲ್ಕು ಸ್ವರಶ್ರೇಣಿಗಳಲ್ಲಿ ಹಾಡಲು ಕಲಿಸಿದರು. ಇಲ್ಲಿ ಎದುರಾದ ತೊಡಕನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇಂದು ಮೊಬೈಲಿನಿಂದ ಹಾಡು ತಿರುಗಿಸುವ ಯುವಕರಿಗೂ ಅದೇ ತೊಡಕು ಇದೆ, ಆದರೆ ಅವರಿಗೆ ಅದರ ಅರಿವಿಲ್ಲ.

ಜರ್ಮನ್ ಮತ್ತು ಇಂಗ್ಲಿಷ್ ಪದ್ಯಗಳಲ್ಲಿ ಲಯವನ್ನು ಕಟ್ಟುವುದು ಒತ್ತು. ಒತ್ತಿಲ್ಲದ ಅಕ್ಷರ, ಒತ್ತುಳ್ಳ ಅಕ್ಷರ ಎಂಬ ಜೋಡಿಗಳು ಒಂದರ ಹಿಂದೊಂದು ನಡೆಯುತ್ತವೆ. ಸಭಾಗೀತೆಗಳ ಧಾಟಿಗಳಲ್ಲಿ ಬಹಳಷ್ಟು ಇದೇ ನಡೆಯವು. ಮೊದಲ ಅಕ್ಷರ ತಾಳದ ಹೊಡೆತಕ್ಕೆ ಮುಂಚೆಯೇ ಹಗುರವಾಗಿ ಬಂದು, ಎರಡನೆಯ ಅಕ್ಷರದ ಮೇಲೆ ತಾಳ ಬೀಳುತ್ತದೆ. ಕನ್ನಡದಲ್ಲಿ ಲಯವನ್ನು ಕಟ್ಟುವುದು ಕಾಲ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಪದದ ಮೊದಲ ಅಕ್ಷರವೇ ನಮಗೆ ಆಧಾರ. ಎರಡನೆಯದು ಪ್ರಾಸದ ಸ್ಥಾನ. ಕನ್ನಡ ಪದವನ್ನು ಆ ಧಾಟಿಯಲ್ಲಿ ಕೂರಿಸಿದರೆ ಮೊದಲ ಅಕ್ಷರ ನುಂಗಿಹೋಗಿ ಎರಡನೆಯದು ಉಬ್ಬುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿದೆ. ನಮ್ಮ ಭಾಷೆಯಲ್ಲಿ ಸ್ವರದ ಉದ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. 'ಕೊಡು' ಎಂಬ ಪ್ರಾರ್ಥನೆಯ ಮೊದಲ ಅಕ್ಷರ ಉದ್ದನೆಯ ಸ್ವರದ ಮೇಲೆ ಬಿದ್ದರೆ 'ಕೋಡು' ಎಂದು ಕೇಳಿಸುತ್ತದೆ. 'ಬಿಡು' ಎಂಬುದು 'ಬೀಡು' ಆಗುತ್ತದೆ. 'ಮನ' ಎಂಬುದು 'ಮಾನ' ಆಗುತ್ತದೆ. ದೇವರನ್ನು ಬೇಡಿಕೊಳ್ಳುತ್ತಿರುವವನು ಕೊಂಬಿನ ವಿಷಯ ಮಾತಾಡುತ್ತಿರುವಂತೆ ಹೊರಗಿನಿಂದ ಕೇಳಿದವನಿಗೆ ತೋರಿದರೆ ಆಶ್ಚರ್ಯವಿಲ್ಲ. ಆತ್ಮದಿಂದಲೂ ಬುದ್ಧಿಯಿಂದಲೂ ಹಾಡುವೆನೆಂದು ಕೊರಿಂಥದವರಿಗೆ ಬರೆದ ಅಪೊಸ್ತಲನ ಮಾತನ್ನು ನಾವು ಭಾಷಾವರಗಳ ವಿಷಯದಲ್ಲಿ ಮಾತ್ರ ಉದ್ಧರಿಸುತ್ತೇವೆ. ಹ್ರಸ್ವ ದೀರ್ಘಗಳ ವಿಷಯಕ್ಕೂ ಅದು ಸಲ್ಲುತ್ತದೆ.

ಹಾಗಾದರೆ ದೇಸಿ ಹಾಡಿನಲ್ಲಿ ಅಕ್ಷರವನ್ನು ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುತ್ತೇವೆ, ಬೇಕಾದಷ್ಟು. ಬೀಸುವ ಕಲ್ಲಿನ ಮುಂದೆ ಹಾಡುವ ತ್ರಿಪದಿ ಅಂಶಗಣದ ಪದ್ಯ. ಅದರಲ್ಲಿ ಹನ್ನೊಂದು ಗಣಗಳು, ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಗಣ ತುಂಬಲು ಹಾಡುವವಳು ಹ್ರಸ್ವವನ್ನು ಎಳೆಯುತ್ತಾಳೆ. ಆದರೆ ಎಲ್ಲಿ ಎಳೆಯಬಹುದು, ಎಲ್ಲಿ ಎಳೆಯಬಾರದೆಂಬುದಕ್ಕೆ ಶತಮಾನಗಳ ಒಪ್ಪಂದವಿದೆ. ಕೇಳುವವರ ಕಿವಿ ಆ ಒಪ್ಪಂದಕ್ಕೆ ಪಳಗಿದೆ. ಹೊರಗಿನ ಧಾಟಿ ಬಂದಾಗ ಅಂಥ ಒಪ್ಪಂದ ಹೊಸದಾಗಿ ಏರ್ಪಡಬೇಕಾಗುತ್ತದೆ, ಅದಕ್ಕೆ ತಲೆಮಾರುಗಳು ಬೇಕು. ಮಂಗಳೂರು, ಹುಬ್ಬಳ್ಳಿ, ಬೆಟಗೇರಿಗಳ ಹಳೆಯ ಸಭೆಗಳಲ್ಲಿ ಆ ತಲೆಮಾರುಗಳು ಕಳೆದಿವೆ. ಅಲ್ಲಿ ಅಜ್ಜಿಯೊಬ್ಬಳು ಜರ್ಮನ್ ಧಾಟಿಯನ್ನು ಹಾಡುವಾಗ ಅದರ ಮೂಲ ಅಳತೆ ಎಷ್ಟೋ ಕಡೆ ಕರಗಿರುತ್ತದೆ, ಸ್ವರಗಳ ನಡುವೆ ಜಾರುಗಳು ಸೇರಿರುತ್ತವೆ. ಸಂಗೀತ ಬಲ್ಲವರು ಅದನ್ನು ತಪ್ಪೆಂದು ತಿದ್ದಲು ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆ 'ತಪ್ಪು' ಧಾಟಿ ಕನ್ನಡವಾದುದರ ಗುರುತು.

ಬಾಸೆಲ್ ಮಿಷನಿನವರಲ್ಲಿ ಈ ಸೂಕ್ಷ್ಮವನ್ನು ಅರಿತವರಿದ್ದರು. ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದರು. 1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಈ ನಾಡಿನ ಛಂದಸ್ಸುಗಳಲ್ಲಿ ಹೇಳಿದರು; 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರ ನಿಘಂಟಿನ ಕೀರ್ತಿಯಲ್ಲಿ ಈ ಕೆಲಸ ಮರೆಯಾಗಿದೆ. ಸುವಾರ್ತೆಯನ್ನು ಹಾಡಿಸಬೇಕಾದರೆ ಮೊದಲು ಭಾಷೆಯ ಉಸಿರಾಟವನ್ನು ಕಲಿಯಬೇಕೆಂದು ಅವರು ಕಂಡುಕೊಂಡಿದ್ದರೆಂದು ಆ ಕೃತಿಗಳನ್ನು ನೋಡಿದವರಿಗೆ ಅನಿಸದಿರದು. ಅಂಥ ಪದ್ಯಗಳನ್ನು ಯುರೋಪಿನ ಧಾಟಿಗೆ ಹಾಡಿಸಲಾಗದು. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ: ಮೂರು ನಾಲ್ಕು, ಮೂರು ನಾಲ್ಕು ಎಂದು ಏಳು ಮಾತ್ರೆಯಲ್ಲಿ ಹೆಜ್ಜೆ ಹಾಕುವ ನಡೆ ಅದು. ಮಸ್ಕಿಗೆ ದೂರವಲ್ಲದ ಮಾನ್ವಿಯ ಜಗನ್ನಾಥದಾಸರು 'ಹರಿಕಥಾಮೃತಸಾರ'ವನ್ನು ಕಟ್ಟಿದ್ದು ಇದೇ ನಡೆಯಲ್ಲಿ. ಎರಡೆರಡಾಗಿ ನಡೆಯುವ ಸಭಾಗೀತೆಯ ಧಾಟಿಯಲ್ಲಿ ಅದು ಕೂರುವುದೇ ಇಲ್ಲ.

ಎರಡನೆಯ ದಾರಿ ದಕ್ಷಿಣದಿಂದ ಬಂದದ್ದು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (1774–1864) ತಮಿಳಿನಲ್ಲಿ, ಪುರುಷೋತ್ತಮ ಚೌಧರಿಯವರು ತೆಲುಗಿನಲ್ಲಿ ರಾಗತಾಳಗಳಿಗೆ ಹೊಂದಿದ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. ಪಲ್ಲವಿ, ಅನುಪಲ್ಲವಿ, ಚರಣಗಳ ಆ ಕ್ರಮ ಕನ್ನಡ ಸಭೆಗಳಿಗೂ ಹಬ್ಬಿತು. ಇವುಗಳನ್ನು ನಾವು ಸಾಮಾನ್ಯವಾಗಿ 'ದೇಶೀಯ' ಎಂದು ಕರೆದು ಸಮಾಧಾನಪಡುತ್ತೇವೆ. ಆದರೆ ಮಸ್ಕಿಯಲ್ಲಿ ನಿಂತು ಕೇಳಿದರೆ ಈ ಹೆಸರು ಅಷ್ಟು ಸರಿಹೊಂದುವುದಿಲ್ಲ. ತುಂಗಭದ್ರೆಯ ಉತ್ತರಕ್ಕೆ ಕರ್ನಾಟಕ ಸಂಗೀತದ ಕಚೇರಿಗಿಂತ ಹಿಂದೂಸ್ಥಾನಿಯ ನೆರಳಿನಲ್ಲಿ ಬೆಳೆದ ಭಜನೆಯ ಧಾಟಿಗಳೇ ಜನರಿಗೆ ಹತ್ತಿರ. ಇಡೀ ರಾತ್ರಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಹಾಡುವ ತತ್ವಪದ ಹತ್ತಿರ. ಕಡಕೋಳದ ಮಡಿವಾಳಪ್ಪನವರ ಪದಗಳು, ಶಿಶುನಾಳ ಶರೀಫರ ಪದಗಳು ಹತ್ತಿರ. ತಂಜಾವೂರಿನ ಆಸ್ಥಾನದ ಕಲ್ಯಾಣಿ ಮಸ್ಕಿಯ ಕೂಲಿಕಾರ ಹೆಂಗಸಿಗೆ ನ್ಯೂರೆಂಬರ್ಗಿನ ಧಾಟಿಯಷ್ಟೇ ಪರದೇಶಿ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಸೀಮೆಯ ಕ್ಯಾಂಪುಗಳಿಗೆ ಆಂಧ್ರದಿಂದ ಬಂದು ನೆಲೆಸಿದ ರೈತರೊಂದಿಗೆ ತೆಲುಗು ಕೀರ್ತನೆಗಳೂ ಬಂದವು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ಕೆಲವೆಡೆ ಬಂಗಾಳಿ ಸಹ ಕೇಳಿಬರುವ ಸೀಮೆಯಿದು. ಇಲ್ಲಿ 'ದೇಶೀಯ' ಎಂದರೆ ಯಾರ ದೇಶ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 1963ರ ವ್ಯಾಟಿಕನ್ ಮಹಾಸಭೆಯ ಆರಾಧನಾ ದಸ್ತಾವೇಜು ಜನಾಂಗಗಳ ಸ್ವಂತ ಸಂಗೀತ ಪರಂಪರೆಗಳಿಗೆ ತಕ್ಕ ಸ್ಥಾನ ಕೊಡಬೇಕೆಂದಿತು. ಪ್ರೊಟೆಸ್ಟಂಟ್ ಸಭೆಗಳೂ ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿವೆ. ಆದರೆ ಒಂದೇ ಊರೊಳಗೆ ಎಷ್ಟು ಜನಾಂಗಗಳಿವೆ, ಎಷ್ಟು ಕೇರಿಗಳಿವೆ ಎಂಬ ವಿವರಕ್ಕೆ ದಸ್ತಾವೇಜುಗಳು ಇಳಿಯುವುದಿಲ್ಲ.

ಹಾರ್ಮೋನಿಯಂ ವಿಷಯದಲ್ಲಿ ಒಂದು ಮಾತು. ಪ್ಯಾರಿಸ್ಸಿನ ದೆಬೆಂ 1842ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಕಾಲಿನಿಂದ ತಿದಿಯೊತ್ತುವಂಥದ್ದಾಗಿತ್ತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿಯೊತ್ತಿ ನುಡಿಸುವ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ಪರಕೀಯವೆಂದು ಹೊರಗಿಟ್ಟಿತು. ಆ ಹೊತ್ತಿಗೆ ಅದು ಕಂಪನಿ ನಾಟಕ, ಮಠದ ಭಜನೆ, ದರ್ಗಾದ ಕವ್ವಾಲಿ, ನಮ್ಮ ಆರಾಧನೆ ಎಲ್ಲವನ್ನೂ ಹೊಕ್ಕಾಗಿತ್ತು. ಈ ಸೀಮೆಯ ಯಾವ ಹಳ್ಳಿಯಲ್ಲಿಯೂ 'ಪೇಟಿ'ಯನ್ನು ಯಾರೂ ಫ್ರೆಂಚರದೆನ್ನುವುದಿಲ್ಲ.

ಈಗ ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಹೋಗೋಣ. ಆದಿಲ್‌ಶಾಹಿಗಳ ಕಾಲದಷ್ಟು ಹಳೆಯ ಕಥೋಲಿಕ ಸಮುದಾಯವಿರುವ ಊರದು. ನಾಡಿನ ಒಳಭಾಗದಲ್ಲಿ ಅಷ್ಟು ಹಳೆಯ ಕ್ರೈಸ್ತ ನೆಲೆಗಳು ವಿರಳ. ಆ ಊರು ನಾಡಿಗೆಲ್ಲ ತಿಳಿದಿರುವುದು ಮಾತ್ರ ಮೊಹರಮ್ಮಿನಿಂದ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಹುಸೇನರೂ ಅವರ ಬಂಧುಗಳೂ ನೀರಿಲ್ಲದೆ ಬಳಲಿ ಹತರಾದ ಕಥೆ ಅರಬ್ಬಿಯಿಂದ ಫಾರಸಿಗೆ, ಫಾರಸಿಯಿಂದ ದಖ್ಖನಿಗೆ ಶೋಕಗೀತೆಯಾಗಿ ಬಂದಿತು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ದಖ್ಖನಿಯಲ್ಲಿ ರಾಗಗಳಿಗೆ ಹಾಡು ಕಟ್ಟಿ 'ಕಿತಾಬ್-ಎ-ನವ್‌ರಸ್' ಮಾಡಿದವನು, ಸರಸ್ವತಿಯನ್ನೂ ಸ್ತುತಿಸಿದವನು; ರಾಯಚೂರು ದೋಆಬು ಅವನ ಆಳ್ವಿಕೆಯಲ್ಲಿತ್ತು. ದಖ್ಖನಿಯಿಂದ ಆ ಶೋಕ ಕನ್ನಡಕ್ಕಿಳಿದು ಮೊಹರಂ ಪದ, ರಿವಾಯತ್ ಪದ ಎಂದು ಹೆಸರು ಪಡೆಯಿತು. ರಿವಾಯತ್ ಎಂದರೆ ಬಾಯಿಂದ ಬಾಯಿಗೆ ಬಂದ ಕಥನ. ಈ ಪದಗಳನ್ನು ಹಾಡುವವರಲ್ಲಿ ಮುಸಲ್ಮಾನರಷ್ಟೇ ಇಲ್ಲ; ಲಿಂಗಾಯತರು, ಕುರುಬರು, ಮಾದಿಗರೂ ಇದ್ದಾರೆ. ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕುವಾಗ ಬಡಿಯುವುದು ಇದೇ ಊರಿನ ಹಲಗೆ. ಮಗನನ್ನು ಕಳೆದುಕೊಂಡ ತಾಯಿಯ ಅಳಲು ಅಲ್ಲಿ ಹಳ್ಳಿಯ ತಾಯಿಯ ಮಾತಿನಲ್ಲಿಯೇ ಬರುತ್ತದೆ.

ಮಸ್ಕಿಗೆ ಹೊರಗಿನ ಮಾತು ಬಂದದ್ದು ಅದೇ ಮೊದಲಲ್ಲ. ಬೆಟ್ಟದ ಬಂಡೆಯ ಮೇಲೆ ಅಶೋಕನು ತನ್ನ ಮಾತನ್ನು ಪ್ರಾಕೃತದಲ್ಲಿ ಕೊರೆಸಿದನು. ಅರಸನ ಅಪ್ಪಣೆಯಾಗಿ ಬಂದ ಆ ಮಾತು ಬಂಡೆಯಲ್ಲಿಯೇ ಉಳಿಯಿತು. ಕಾಲಾಂತರದಲ್ಲಿ ಓದಬಲ್ಲವರೇ ಇಲ್ಲವಾಗಿ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಾಣುವ ತನಕ ಹೊರಜಗತ್ತಿಗೆ ಗೊತ್ತೇ ಇರಲಿಲ್ಲ. ಕರ್ಬಲಾದ ಕಥೆ ಅಷ್ಟೇ ದೂರದಿಂದ ಬಂದು ಜನರ ಬಾಯಲ್ಲಿ ನಿಂತಿತು. ಪರ್ಷಿಯಾದಿಂದ ಉರ್ದುವಿನ ಮೂಲಕ ಬಂದ ಗಜಲ್ಲಿಗೆ ಕನ್ನಡದಲ್ಲಿ ನೆಲೆ ಒದಗಿಸಿದವರಲ್ಲಿ ಮೊದಲಿಗರಾದ ಶಾಂತರಸರು ಸಹ ಇದೇ ರಾಯಚೂರು ಜಿಲ್ಲೆಯ ಹೆಂಬೆರಾಳಿನವರು. ಬರುವುದನ್ನು ಬರಗೊಟ್ಟು ತನ್ನದಾಗಿಸಿಕೊಳ್ಳುವ ಶಕ್ತಿ ಈ ನೆಲಕ್ಕೆ ಕಡಿಮೆಯಿಲ್ಲ.

ಹಾಗಿದ್ದೂ ಕರ್ಬಲಾದ ಶೋಕ ಊರಿನದಾಗಿ, ಗೊಲ್ಗೊಥಾದ ಶೋಕ ಆರಾಧನಾಲಯದ ಒಳಗಷ್ಟೇ ಉಳಿದದ್ದು ಯಾಕೆ? ಎರಡೂ ನಿರಪರಾಧಿಯ ಮರಣದ ಕಥೆಗಳು; ಎರಡರಲ್ಲಿಯೂ ಬಾಯಾರಿಕೆಯಿದೆ, ಅಳುವ ಹೆಂಗಸರಿದ್ದಾರೆ. ಧಾಟಿಯ ಮೂಲದಲ್ಲಿ ಇದಕ್ಕೆ ಉತ್ತರ ದೊರೆಯುವುದಿಲ್ಲ. ಅರಬ್ಬಿ ಮೂಲ ಜರ್ಮನ್ ಮೂಲಕ್ಕಿಂತ ಹತ್ತಿರದ್ದೇನಲ್ಲ. ನಮಗೆ ತೋರುವಂತೆ, ಮೊಹರಂ ಪದವು ಊರಿನಲ್ಲಿ ಮೊದಲೇ ಇದ್ದ ಹಾಡುವ ಹೊತ್ತುಗಳನ್ನು ಹಿಡಿದುಕೊಂಡಿತು: ರಾತ್ರಿಯ ಜಾಗರಣೆ, ಬೆಂಕಿಯ ಸುತ್ತಲ ಕುಣಿತ, ಮನೆಮನೆಯ ಹರಕೆ, ಸವಾಲು ಜವಾಬಿನ ಮೇಳಗಳ ಪೈಪೋಟಿ. ನಾವು ಧಾಟಿಯನ್ನು ತಂದೆವು, ಪುಸ್ತಕವನ್ನು ತಂದೆವು; ಹಾಡುವ ಹೊತ್ತನ್ನು ಮಾತ್ರ ಗಡಿಯಾರಕ್ಕೆ ಒಪ್ಪಿಸಿದೆವು. ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆ ಮುಗಿದರೆ ಶೋಕವೂ ಮುಗಿಯಿತು. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಕ್ರಿಸ್ಮಸ್ಸಿನ ಕಾಲದಲ್ಲಿ ರಾತ್ರಿ ಮನೆಮನೆಗೆ ಹೋಗಿ ಹಾಡುವ ವಾಡಿಕೆ ಇಂಗ್ಲೆಂಡಿನಿಂದ ಬಂದದ್ದು. ಆದರೆ ಭಜನಾ ಮೇಳ ಬೀದಿ ಸುತ್ತುವ ರೂಢಿಯ ಜೊತೆ ಅದು ಹೊಂದಿಕೊಂಡಿತು. ಆ ರಾತ್ರಿಗಳಲ್ಲಿ ನಮ್ಮ ಜನ ಪುಸ್ತಕ ನೋಡದೆ ಹಾಡುತ್ತಾರೆ, ಕೋಲಾಟವಾಡುತ್ತಾರೆ, ನೆರೆಯವರೂ ಬಂದು ನಿಲ್ಲುತ್ತಾರೆ.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಯು, ಹಾಗಾದರೆ ಹಲಗೆಯನ್ನು ಸಭೆಗೆ ತರೋಣ, ಮುದಗಲ್ಲಿನಲ್ಲಿ ಆದದ್ದು ನಮ್ಮಲ್ಲಿಯೂ ಆಗಲಿ, ಎನ್ನುವುದು ಸಹಜ. ಹಿರಿಯರು ಬೇಡವೆನ್ನುವುದು ಇಲ್ಲಿಯೇ. ಈ ನಿರಾಕರಣೆಯನ್ನು ಮಿಷನರಿಗಳಿಂದ ಕಲಿತ ಸಂಕೋಚವೆಂದು ತಳ್ಳಿಹಾಕುವವರಿದ್ದಾರೆ. ಅದು ಅರ್ಧಸತ್ಯವೂ ಅಲ್ಲ. ಈ ಸೀಮೆಯ ಸಭೆಗಳಲ್ಲಿ ಬಹುಪಾಲು ಜನ ಮಾದಿಗ, ಹೊಲೆಯ ಕೇರಿಗಳಿಂದ ಬಂದವರು. ಹಲಗೆ ಅವರಿಗೆ ಕೇವಲ ವಾದ್ಯವಾಗಿರಲಿಲ್ಲ. ಊರಗೌಡನ ಮನೆಯ ಮದುವೆಗೆ, ಮೇಲ್ಜಾತಿಯವರ ಸಾವಿಗೆ, ಜಾತ್ರೆಯ ತೇರಿಗೆ, ಡಂಗುರಕ್ಕೆ ಕರೆದಾಗ ಹೋಗಿ ಬಡಿಯಲೇಬೇಕಾಗಿದ್ದ ಬಿಟ್ಟಿ ಚಾಕರಿ ಅದು. ಸತ್ತ ದನದ ಚರ್ಮ ಹೊರುವವನೇ ಅದನ್ನು ಹೊರಬೇಕು. ಬಡಿದವನು ಗುಡಿಯ ಹೊರಗೆ ನಿಲ್ಲಬೇಕು. ಕೂಲಿಯ ಬದಲು ಉಳಿದ ಅನ್ನ. ಸುವಾರ್ತೆಯನ್ನು ಒಪ್ಪಿಕೊಂಡ ದಿನ ಎಷ್ಟೋ ಮನೆಗಳಲ್ಲಿ ಹಲಗೆಯನ್ನು ಗೋಡೆಯಿಂದ ಇಳಿಸಿ ಬಿಟ್ಟುಬಿಟ್ಟರು. ಅವರ ಬಾಳಿನಲ್ಲಿ ಬಿಡುಗಡೆಯ ಮೊದಲ ಕಾಣುವ ಗುರುತೇ ಅದು.

ನೂರಮೂವತ್ತೇಳನೆಯ ಕೀರ್ತನೆಯನ್ನು ನಾವು ಸಾಮಾನ್ಯವಾಗಿ ಪರದೇಶದಲ್ಲಿ ಹಾಡುವ ಕಷ್ಟದ ಕೀರ್ತನೆಯೆಂದು ಓದುತ್ತೇವೆ. ಅಲ್ಲಿ ಸೆರೆಯಾಳುಗಳು ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿದ್ದು ಸೆರೆ ಹಿಡಿದವರು ತಮ್ಮ ವಿನೋದಕ್ಕೆ ಹಾಡಿರೆಂದು ಕೇಳಿದಾಗ. ವಾದ್ಯವನ್ನು ಕೆಳಗಿಡುವುದೇ ಅಲ್ಲಿ ನಂಬಿಗಸ್ತಿಕೆ. ಯಾರೂ ಅವರನ್ನು ಸಂಗೀತದ್ವೇಷಿಗಳೆನ್ನಲಿಲ್ಲ, ಪರಂಪರೆಯನ್ನು ಮರೆತವರೆನ್ನಲಿಲ್ಲ. ಮಸ್ಕಿ ಸೀಮೆಯ ಹಿರಿಯರು ಹಲಗೆಯನ್ನು ಬಿಟ್ಟದ್ದನ್ನು ನಾವು ಈ ಕೀರ್ತನೆಯ ಬೆಳಕಿನಲ್ಲಿ ಓದಬೇಕು. ಅವರ ಮುಂದೆ ನಗರದ ಸೆಮಿನರಿಯಿಂದ ಬಂದ ತರುಣನು, ಎಷ್ಟೋ ವೇಳೆ ಹಲಗೆಯನ್ನು ಎಂದೂ ಮುಟ್ಟದ ಮನೆಯಿಂದ ಬಂದವನು, ಅದನ್ನು ಮತ್ತೆ ಬಡಿಯಿರಿ ಎಂದು ಸಂಸ್ಕೃತಿಯ ಹೆಸರಿನಲ್ಲಿ ಕೇಳಿದರೆ, ಬಾಬೆಲಿನ ಕೋರಿಕೆಗೂ ಅವನ ಕೋರಿಕೆಗೂ ಹಿರಿಯರ ಕಿವಿಗೆ ಹೆಚ್ಚಿನ ವ್ಯತ್ಯಾಸ ತೋರದು.

ಅದೇ ಕೀರ್ತನೆ ಕಿನ್ನರಿಗಳನ್ನು ಮುರಿದರೆನ್ನುವುದಿಲ್ಲ, ತೂಗುಹಾಕಿದರೆನ್ನುತ್ತದೆ. ತೂಗುಹಾಕಿದ್ದನ್ನು ಮತ್ತೆ ಇಳಿಸಬಹುದು. ಯಾರು ಇಳಿಸಬೇಕೆಂಬುದೇ ಪ್ರಶ್ನೆ. ಮಿಜೋರಾಮಿನ ಸಭೆಗಳ ಚರಿತ್ರೆ ಇಲ್ಲಿ ಸ್ವಲ್ಪ ನೆರವಾಗುತ್ತದೆ. ವೇಲ್ಸಿನ ಮಿಷನರಿಗಳು ತಮ್ಮ ನಾಡಿನ ಧಾಟಿಗಳನ್ನು ಕಲಿಸಿದರು. ಹಳೆಯ ಹಬ್ಬಗಳಿಗೂ ಮದ್ಯಕ್ಕೂ ಸೇರಿದ್ದೆಂದು 'ಖುಆಂಗ್' ಎಂಬ ಮದ್ದಳೆ ಆರಾಧನೆಯ ಹೊರಗುಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಉಜ್ಜೀವನಗಳಲ್ಲಿ ವಿಶ್ವಾಸಿಗಳೇ ಅದನ್ನು ಒಳಗೆ ತಂದರು. ನಿಧಾನವಾಗಿ, ಮದ್ದಳೆಯ ಹೊಡೆತಕ್ಕೆ ಒಟ್ಟಾಗಿ ಹಾಡುವ ಅವರದೇ ಸಭಾಗಾಯನವೊಂದು ರೂಪುಗೊಂಡಿತು. ಯಾವ ಸಮಿತಿಯೂ ಅದನ್ನು ಗೊತ್ತುಪಡಿಸಲಿಲ್ಲ. ಆದರೆ ಖುಆಂಗ್‌ಗೆ ಅಸ್ಪೃಶ್ಯತೆಯ ಕಲೆ ಇರಲಿಲ್ಲವೆಂಬುದನ್ನು ನೆನಪಿಡಬೇಕು. ನಮ್ಮ ಸ್ಥಿತಿಗೆ ಹೆಚ್ಚು ಹತ್ತಿರವಾದುದು ತಮಿಳುನಾಡಿನ ಪರೈ. ಮದುರೈ ಅರಸರಡಿಯ ದೈವಶಾಸ್ತ್ರ ವಿದ್ಯಾಲಯದಲ್ಲಿ ಬೋಧಿಸಿದ ಥಿಯೊಫಿಲಸ್ ಅಪ್ಪಾವು ಅವರು ಜನಪದ ಧಾಟಿಯಲ್ಲಿ ಹಾಡುಗಳನ್ನೂ ಆರಾಧನಾಕ್ರಮವನ್ನೂ ಕಟ್ಟಿದಾಗ, ಶಾಸ್ತ್ರೀಯ ಕೀರ್ತನೆಯೇ ತಮಿಳು ಸಂಗೀತವೆಂದು ನಂಬಿದ್ದ ಸಭೆಗಳಲ್ಲಿ ಯಾರ ಸಂಗೀತ ಎಂಬ ಪ್ರಶ್ನೆಯನ್ನೇ ಎತ್ತಿದಂತಾಯಿತು.

ಕರ್ನಾಟಕದಲ್ಲಿ ಹಲಗೆಯ ಮರ್ಯಾದೆಯನ್ನು ಮರಳಿ ಗಳಿಸಿದ್ದು ಸಭೆಯಲ್ಲ, ದಲಿತ ಚಳವಳಿ. ಈ ಮಾತನ್ನು ನಾವು ನಮ್ರತೆಯಿಂದ ಒಪ್ಪಿಕೊಳ್ಳಬೇಕು. 1975ರ 'ಹೊಲೆಮಾದಿಗರ ಹಾಡು' ಸಂಕಲನದ ಕವಿ ಸಿದ್ಧಲಿಂಗಯ್ಯನವರ ಪದ್ಯಗಳು ಮೆರವಣಿಗೆಗಳಲ್ಲಿ ಹಾಡಾದಾಗ, ಹಲಗೆ ಗೌಡನ ಕರೆಗೆ ಓಗೊಡುವುದನ್ನು ಬಿಟ್ಟು ಸ್ವಂತ ಮಾತಾಡತೊಡಗಿತು. ಅದೇ ಮೆರವಣಿಗೆಗಳಲ್ಲಿ, ಗೆದ್ದೇ ಗೆಲ್ಲುತ್ತೇವೆಂಬ ಆಶಯದ ಹಾಡೊಂದನ್ನೂ ಕನ್ನಡದಲ್ಲಿ ಹಾಡಿದರು, ಇಂದಿಗೂ ಹಾಡುತ್ತಾರೆ. ಅದರ ಬೇರು ಅಮೆರಿಕದ ಕರಿಯ ಜನರ ಸಭೆಗಳ ಭಕ್ತಿಗೀತೆಯಲ್ಲಿದೆ; 1945ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಬಾಯಲ್ಲಿ, ಆಮೇಲೆ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಅದು ಬೆಳೆಯಿತು. ಸಭೆಯಲ್ಲಿ ಹುಟ್ಟಿದ ಹಾಡು ಬೀದಿಯ ದಾರಿಯಿಂದ ನಮ್ಮ ಕೇರಿಗಳಿಗೆ ಬಂದಿತು. ಮಿಷನ್ ಬಂಗಲೆಯ ದಾರಿಯಿಂದ ಬರಲಿಲ್ಲ. ನಮ್ಮ ಯುವಕರಲ್ಲಿ ಎಷ್ಟು ಜನ ಅದರ ಮೂಲವನ್ನು ಬಲ್ಲರು?

ಇನ್ನು ಮೊಬೈಲಿನ ಹಾಡುಗಳು. ಆಸ್ಟ್ರೇಲಿಯ, ಅಮೆರಿಕಗಳ ಆರಾಧನಾ ಗೀತೆಗಳ ಶೈಲಿ ಹೈದರಾಬಾದಿನಲ್ಲಿ ತೆಲುಗಾಗಿ, ಬೆಂಗಳೂರಿನಲ್ಲಿ ಕನ್ನಡವಾಗಿ ಸಿಂಧನೂರಿಗೆ ತಲುಪಲು ಈಗ ವಾರವೂ ಬೇಡ. ಇವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾಸ್ಲರನ ಪ್ರಣಯಗೀತೆಗೆ ಸಿಕ್ಕ ಅವಕಾಶ ಇವುಗಳಿಗೂ ಸಿಗಲಿ. ಆದರೆ ಅವಸರದ ಅನುವಾದಗಳಲ್ಲಿ 'ಕೊಡು' ಮತ್ತೆ 'ಕೋಡು' ಆಗುತ್ತಿದೆ, ತೆಲುಗಿನ ವಾಕ್ಯರಚನೆ ಹಾಗೆಯೇ ಇಳಿಯುತ್ತಿದೆ, ಹಾಡುವವರಿಗೂ ಅರ್ಥ ಪೂರ್ತಿ ತಿಳಿದಿರುವುದಿಲ್ಲ. ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೇವೆ. ಈ ಹಾಡುಗಳಿಗೆ ಕೀಬೋರ್ಡಿನ ಗುಂಡಿಯೊತ್ತಿ ಹಾಕಿಕೊಳ್ಳುವ ತಾಳಗಳಲ್ಲಿ ಹಲಗೆಯನ್ನೇ ಹೋಲುವ ನಾದವಿದೆ. ಬಾಗಿಲ ಹೊರಗಿಟ್ಟದ್ದು ಯಂತ್ರದೊಳಗಿಂದ ಕೇಳಿಬರುತ್ತದೆ, ಯುವಕರು ಅದಕ್ಕೆ ಕೈತಟ್ಟುತ್ತಾರೆ, ಹಿರಿಯರು ಸುಮ್ಮನಿರುತ್ತಾರೆ. ಆ ಮೌನ ಒಪ್ಪಿಗೆಯೋ ನೋವೋ ಎಂದು ಸಭಾಪಾಲಕರು ಕೇಳಿ ತಿಳಿಯಬೇಕು. ಚರ್ಮದ ವಾಸನೆಯಿಲ್ಲದ, ಯಾರ ಕೈಯೂ ಸೋಂಕದ ಹಲಗೆಯನ್ನು ಮೊಮ್ಮಕ್ಕಳು ಇಷ್ಟು ಸುಲಭವಾಗಿ ಒಪ್ಪಿಕೊಂಡಿದ್ದಾರೆಂದರೆ, ಅದರ ಅವಮಾನದ ಕಥೆ ಅವರಿಗೆ ತಲುಪಿಯೇ ಇಲ್ಲವೆಂದೂ ಇರಬಹುದು.

ಆದುದರಿಂದ ಬರುವ ತಪಸ್ಸಿನ ಕಾಲದಲ್ಲಿ ಈ ಸೀಮೆಗೆ ಹೋಗುವ ವಿದ್ಯಾರ್ಥಿಗಳಿಗೆ ನಾವು ಸೂಚಿಸುವುದು ಎರಡು ಕೆಲಸ. ಒಂದು, ಸಭೆಯ ಹಿರಿಯ ಹೆಂಗಸರ ಬಳಿ ಕೂತು ಅವರಿಗೆ ಬಾಯಿಪಾಠವಿರುವ ತ್ರಿಪದಿಗಳನ್ನೂ ಸೋಬಾನೆ ಪದಗಳನ್ನೂ ಅವುಗಳ ಧಾಟಿಯೊಂದಿಗೆ ಕೇಳಿಕೊಳ್ಳುವುದು. ಯಾವ ಸ್ವರವನ್ನು ಎಲ್ಲಿ ಎಳೆಯುತ್ತಾರೆಂದು ಗುರುತು ಹಾಕಿಕೊಂಡು, ಶ್ರಮೆಯ ಕಥೆಯನ್ನು ಆ ಅಳತೆಯಲ್ಲಿ ಕೂರಿಸಲು ಅವರನ್ನೇ ಕೋರುವುದು. ಶುಭ ಶುಕ್ರವಾರದ ಹಿಂದಿನ ರಾತ್ರಿ ಮನೆಯೊಂದರ ಪಡಸಾಲೆಯಲ್ಲಿ ಅದನ್ನು ಹಾಡಲಿ, ಗಡಿಯಾರ ಬೇಡ. ಜರ್ಮನ್ ಧಾಟಿಯ ಹಾಡನ್ನು ಪ್ರೀತಿಸುವವರು ಮರುದಿನ ಅದನ್ನೂ ಹಾಡಲಿ. ಅದನ್ನು ಅವರಿಂದ ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ಎರಡನೆಯದು ಹಲಗೆಯ ವಿಷಯ. ಅದನ್ನು ಸಭೆಗೆ ತರುವ ಮಾತನ್ನು ವಿದ್ಯಾರ್ಥಿ ಎತ್ತದಿರಲಿ. ಹಿರಿಯರೊಬ್ಬರು ಅದನ್ನು ಎಂದು ಬಿಟ್ಟರು, ಏಕೆ ಬಿಟ್ಟರು, ಬಿಟ್ಟ ದಿನ ಊರಿನವರು ಏನೆಂದರು ಎಂಬುದನ್ನು ಯುವಕರೆದುರು ಹೇಳುವಂತೆ ಕೇಳಿಕೊಂಡು, ತಾನು ಬಾಗಿಲ ಹತ್ತಿರ ಕೂತು ಕೇಳಲಿ. ಆ ಮಾತು ಮುಗಿದ ಮೇಲೆ ಕೀಬೋರ್ಡಿನ ಗುಂಡಿಯನ್ನು ಒತ್ತಬೇಕೋ, ಗೋಡೆಯ ಮೊಳೆಗೆ ಮತ್ತೆ ಹಲಗೆ ತೂಗಬೇಕೋ, ಎಂದು ಅಜ್ಜ ಮೊಮ್ಮಕ್ಕಳೇ ಮಾತಾಡಿಕೊಳ್ಳುತ್ತಾರೆ.